ಆಮೆಮರಿಯ ಬಿಸಿಲು

ಮೀನು ನೋಡಿ ಸಾಕುತ್ತದೆ, ಹಕ್ಕಿ ಮುಟ್ಟಿ ಸಾಕುತ್ತದೆ, ಆಮೆ ನೆನೆದು ಸಾಕುತ್ತದೆ ಎಂಬ ನಂಬಿಕೆಯೊಂದು ನಮ್ಮ ಹಿರಿಯರಲ್ಲಿ ಇತ್ತು. ದೂರದ ನೀರಿನಲ್ಲಿ ಇದ್ದುಕೊಂಡೇ ತಾಯಿ ಆಮೆಯು ದಡದ ಮರಳಿನಲ್ಲಿ ಹುದುಗಿಸಿಟ್ಟ ತನ್ನ ಮೊಟ್ಟೆಗಳನ್ನು ಸದಾ ನೆನೆಯುತ್ತಿರುತ್ತದೆಯಂತೆ. ಆ ನೆನಪಿನ ಬಲದಿಂದಲೇ ಮೊಟ್ಟೆ ಬಲಿತು ಮರಿ ಹೊರಬರುತ್ತದೆಯಂತೆ. ತಾಯಿ ಮರೆತರೆ ಮರಿಯೂ ಇಲ್ಲವಂತೆ. ನಮ್ಮ ಅಜ್ಜಿ ಈ ಮಾತನ್ನು ಹೇಳಿದಾಗ ನನಗೆ ಏಳೆಂಟು ವರ್ಷ. ಊರ ಕೆರೆಯ ಅಂಚಿನ ಬಂಡೆಯ ಮೇಲೆ ಆಮೆಯೊಂದು ಅಲುಗಾಡದೆ ಕುಳಿತಿರುವುದನ್ನು ಕಂಡಾಗಲೆಲ್ಲ, ಅದು ಮಕ್ಕಳನ್ನು ನೆನೆಯುತ್ತ ಕುಳಿತಿದೆ ಎಂದೇ ನಾನು ಭಾವಿಸುತ್ತಿದ್ದೆ.

ಅದು ಬಿಸಿಲಿಗೆ ಮೈಯೊಡ್ಡಿ ಕುಳಿತಿತ್ತು ಎಂಬುದೂ, ಆ ಬಿಸಿಲು ಅದರ ಅನ್ನದಷ್ಟೇ ಮುಖ್ಯವಾದುದು ಎಂಬುದೂ ನನಗೆ ತಿಳಿದುದು ಅರವತ್ತು ದಾಟಿದ ಮೇಲೆ. ತಿಳಿಯುವುದಕ್ಕಾಗಿ ತೆತ್ತ ಬೆಲೆ ಸಣ್ಣದಲ್ಲ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ತಾಯಿ ಆಮೆಯು ನೀರಿನಿಂದ ಮೇಲೆ ಬಂದು, ಹಿಂಗಾಲುಗಳಿಂದ ನೆಲವನ್ನು ತೋಡಿ, ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಮತ್ತೆ ಆ ಕಡೆ ತಿರುಗಿ ನೋಡುವುದಿಲ್ಲ. ಮೊಟ್ಟೆಗಳಿಗೆ ಕಾವು ಕೊಡುವುದು ಬಿಸಿಲಿಗೆ ಕಾದ ಮಣ್ಣು. ಅನೇಕ ಜಾತಿಯ ಆಮೆಗಳಲ್ಲಿ, ಒಳಗಿರುವ ಮರಿ ಹೆಣ್ಣಾಗಬೇಕೋ ಗಂಡಾಗಬೇಕೋ ಎಂಬುದನ್ನು ಕೂಡ ಆ ಮಣ್ಣಿನ ಬಿಸಿಯೇ ನಿರ್ಧರಿಸುತ್ತದೆ. ಬಿಸಿ ಹೆಚ್ಚಿದ್ದರೆ ಹೆಣ್ಣು, ಕಡಿಮೆಯಿದ್ದರೆ ಗಂಡು. ಮೊಟ್ಟೆಯೊಡೆದು ಬಂದ ಮರಿಗೆ ಹಾಲೂಡುವವರಿಲ್ಲ, ಗುಟುಕು ಕೊಡುವವರಿಲ್ಲ. ಹೊಟ್ಟೆಯಲ್ಲಿ ಉಳಿದಿರುವ ಚೂರು ಹಳದಿ ಭಂಡಾರವೇ ಅದರ ಬುತ್ತಿ. ಆ ಬುತ್ತಿ ತೀರುವುದರೊಳಗೆ ಮರಿಯು ತನ್ನ ಆಹಾರವನ್ನು ತಾನೇ ಹುಡುಕಿಕೊಳ್ಳಬೇಕು. ತನ್ನ ಬಿಸಿಲನ್ನೂ ತಾನೇ ಹುಡುಕಿಕೊಳ್ಳಬೇಕು. ಹೊಳೆಯಲ್ಲಾದರೆ ಹುಡುಕಿಕೊಂಡೀತು. ಮನೆಯ ಗಾಜಿನ ತೊಟ್ಟಿಯಲ್ಲಿ ತಂದಿಟ್ಟರೆ, ನಾವು ಹಾಕಿದ್ದೇ ಆಹಾರ, ನಾವು ತೋರಿದ್ದೇ ಬಿಸಿಲು.

ನಮ್ಮ ಮನೆಗೆ ಅಂಥ ಎರಡು ಮರಿಗಳು ಬಂದುದು ಒಂದು ದೀಪಾವಳಿಯ ಹಿಂದಿನ ದಿನ. ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮೊಮ್ಮಗಳು ಪಟಾಕಿಯ ಹಣವನ್ನು ಉಳಿಸಿ, ಬಣ್ಣದ ಮೀನು ಮಾರುವ ಅಂಗಡಿಯೊಂದರಿಂದ ಅವನ್ನು ಕೊಂಡು ತಂದಳು. ಹತ್ತು ರೂಪಾಯಿಯ ನಾಣ್ಯಕ್ಕಿಂತ ತುಸುವೇ ದೊಡ್ಡ ಚಿಪ್ಪು. ಎಳೆಯ ಬಾಳೆಯೆಲೆಯ ಹಸಿರು. ಅದರ ಮೇಲೆ ಹಳದಿಯ ನವುರಾದ ಗೆರೆಗಳು. ಕಣ್ಣಿನ ಹಿಂದೆ, ನಮಗೆ ಕಿವಿಯಿರುವ ಸ್ಥಳದಲ್ಲಿ, ಕುಂಕುಮದ ಎಳೆಯಂತೆ ಒಂದು ಕೆಂಪು ಪಟ್ಟೆ. ಈ ಪಟ್ಟೆಯಿಂದಾಗಿಯೇ ಅದಕ್ಕೆ ಕೆಂಪುಕಿವಿಯ ಆಮೆಯೆಂದು ಹೆಸರು. ಚಿನ್ನದಂಗಡಿಯ ತಕ್ಕಡಿಯಷ್ಟು ಸೂಕ್ಷ್ಮವಾದ ಅಡುಗೆಮನೆಯ ತಕ್ಕಡಿಯೊಂದು ನಮ್ಮಲ್ಲಿತ್ತು. ಅದರಲ್ಲಿಟ್ಟು ನೋಡಿದೆವು. ಒಂದು ಒಂಬತ್ತು ಗ್ರಾಂ ತೂಗಿತು, ಇನ್ನೊಂದು ಹತ್ತು.

ಈ ಆಮೆ ನಮ್ಮ ನಾಡಿನದಲ್ಲ. ಇದರ ತವರು ಅಮೆರಿಕದ ಮಿಸಿಸಿಪಿ ನದಿಯ ಬಯಲು. ಹೊಳೆಯಲ್ಲಿ ಬಿದ್ದ ಮರದ ದಿಮ್ಮಿಗಳ ಮೇಲೆ ಒಂದರ ಬೆನ್ನ ಮೇಲೊಂದು ಏರಿ ಬಿಸಿಲಿಗೆ ಕುಳಿತಿರುವುದು, ಸಪ್ಪಳವಾದೊಡನೆ ನೀರಿಗೆ ಜಾರುವುದು ಅದರ ಸ್ವಭಾವ. ಅಲ್ಲಿಯ ಲೂಸಿಯಾನ ರಾಜ್ಯದ ಸಾಕಣೆಯ ಕೊಳಗಳಲ್ಲಿ ಇದರ ಮರಿಗಳನ್ನು ಲಕ್ಷಗಟ್ಟಲೆಯಾಗಿ ಹುಟ್ಟಿಸಿ ಮಾರುತ್ತಿದ್ದರು. ಅಂಗೈಯಗಲದ ಒಂದು ಪ್ಲಾಸ್ಟಿಕ್ ಬಟ್ಟಲು, ಅದರ ನಡುವೆ ಒಂದು ಪ್ಲಾಸ್ಟಿಕ್ ತಾಳೆಮರ, ಮರದ ಬುಡದಲ್ಲಿ ಒಂದು ಜೀವಂತ ಮರಿ. ಇಂಥ ಬಟ್ಟಲುಗಳು ಅಲ್ಲಿಯ ಮಕ್ಕಳ ಕೋಣೆಗಳನ್ನೆಲ್ಲ ತುಂಬಿದ್ದ ಕಾಲವೊಂದಿತ್ತು. ಮರಿಗಳು ಬಹಳ ದಿನ ಬದುಕುತ್ತಿರಲಿಲ್ಲ. ಮಕ್ಕಳು ಆಮೆಯನ್ನು ಮುಟ್ಟಿದ ಕೈಯನ್ನೇ ಬಾಯಿಗೆ ಹಾಕಿಕೊಂಡು ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯದಿಂದ ವಾಂತಿಭೇದಿಗೆ ತುತ್ತಾಗುತ್ತಿದ್ದರು. ಆದುದರಿಂದ ಅಮೆರಿಕದ ಸರ್ಕಾರವು ೧೯೭೫ರಲ್ಲಿ, ಚಿಪ್ಪಿನ ಉದ್ದ ನಾಲ್ಕು ಅಂಗುಲಕ್ಕಿಂತ ಕಡಿಮೆಯಿರುವ ಆಮೆಗಳ ಮಾರಾಟವನ್ನು ನಿಷೇಧಿಸಿತು. ನಾಲ್ಕು ಅಂಗುಲದ ಆಮೆ ಮಗುವಿನ ಬಾಯಿಗೆ ಹಿಡಿಸದು ಎಂಬುದು ಅದರ ಹಿಂದಿನ ಲೆಕ್ಕ.

ನಮ್ಮ ಅಂಗಡಿಗಳಲ್ಲಿ ಈ ಪರದೇಶಿ ಆಮೆಯೇ ಏಕೆ ದೊರೆಯುತ್ತದೆ ಎಂದು ನೀವು ಕೇಳಬಹುದು. ನಮ್ಮ ಕೆರೆಗಳ ಕಪ್ಪು ಆಮೆ, ಒಣನಾಡಿನ ಕುರುಚಲು ಕಾಡಿನಲ್ಲಿ ತಿರುಗುವ ನಕ್ಷತ್ರ ಆಮೆ ಇವುಗಳನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಹಾದಿಯಲ್ಲಿ ಸಿಕ್ಕಿತೆಂದು ತಂದಿಟ್ಟುಕೊಂಡರೂ ಅದು ತಪ್ಪೇ.

ಮರಿಗಳು ಬಂದ ದಿನವೇ ಅವುಗಳಿಗೆ ಮನೆ ಸಿದ್ಧವಾಯಿತು. ಗಾಜಿನ ತೊಟ್ಟಿ, ಅದರಲ್ಲಿ ನಾಲ್ಕು ಬೆರಳಿನಷ್ಟು ನೀರು, ನಡುವೆ ಏರಿ ಕೂರಲು ಒಂದು ಕಲ್ಲು. ಎಲ್ಲಿ ಇಡಬೇಕೆಂಬ ಚರ್ಚೆ ಬಂದಾಗ ತೀರ್ಪು ಹೇಳಿದವನು ನಾನು. “ಪೂರ್ವದ ಕಿಟಕಿಯ ಬಳಿ ಇಡು. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಹೊನ್ನಿನಂಥ ಬಿಸಿಲು ಬೀಳುತ್ತದೆ” ಎಂದೆ. ಮೂವತ್ತೈದು ವರ್ಷ ತರಗತಿಯಲ್ಲಿ ನಿಂತವನ ಬಾಯಿಗೆ ಅನುಮಾನದ ಮಾತು ಸುಲಭವಾಗಿ ಬರುವುದಿಲ್ಲ. ಚಳಿಗಾಲವಾದುದರಿಂದ ಕಿಟಕಿಯ ಗಾಜಿನ ಬಾಗಿಲುಗಳನ್ನು ಮುಚ್ಚಿಯೇ ಇಡಬೇಕೆಂದೂ ನಾನೇ ವಿಧಿಸಿದೆ.

ಆಹಾರದ ವಿಷಯವನ್ನು ಅಂಗಡಿಯಾತ ಒಂದೇ ಮಾತಿನಲ್ಲಿ ಮುಗಿಸಿದ್ದ. ಒಂದು ಡಬ್ಬಿಯ ತುಂಬ ಒಣಗಿಸಿದ ಸೀಗಡಿಯಂಥ ಸಣ್ಣ ಹುಳುಗಳನ್ನು ಕೊಟ್ಟು, “ದಿನಕ್ಕೆ ಒಂದು ಚಿಟಿಕೆ, ಬೇರೇನೂ ಬೇಡ” ಎಂದಿದ್ದನಂತೆ. ನಮ್ಮದು ಸಸ್ಯಾಹಾರದ ಮನೆ. ಆ ಡಬ್ಬಿಯ ವಾಸನೆ ಅಡುಗೆಮನೆಯವರೆಗೂ ಬರುತ್ತದೆಂದು ನನ್ನ ಪತ್ನಿ ಮೂಗು ಮುಚ್ಚಿಕೊಂಡರೂ, ಮರಿಗಳ ಮೇಲಿನ ಮರುಕಕ್ಕೆ ಕಡಿಮೆಯಿರಲಿಲ್ಲ. ಯಾರೂ ಇಲ್ಲದಾಗ ಅವರು ತೊಟ್ಟಿಗೆ ನಾಲ್ಕು ಅನ್ನದ ಅಗುಳು ಹಾಕುತ್ತಿದ್ದರು. ಮರಿಗಳು ಅದನ್ನೂ ತಿನ್ನುತ್ತಿದ್ದವು. ತಿನ್ನುವುದನ್ನೆಲ್ಲ ಮೈಗೆ ಹಿಡಿಯುವ ಆಹಾರವೆಂದು ತಿಳಿಯುವುದು ದೊಡ್ಡವರು ಮಕ್ಕಳ ವಿಷಯದಲ್ಲಿ ಮಾಡುವ ತಪ್ಪು. ಆಮೆಯ ವಿಷಯದಲ್ಲಿಯೂ ನಾವು ಅದನ್ನೇ ಮಾಡಿದೆವು.

ಎರಡು ತಿಂಗಳು ಎಲ್ಲವೂ ನೆಟ್ಟಗಿತ್ತು. ಮೂರನೆಯ ತಿಂಗಳಲ್ಲಿ ಸಣ್ಣ ಮರಿಯ ಕಣ್ಣುಗಳ ರೆಪ್ಪೆ ಊದಿಕೊಂಡು ಮುಚ್ಚಿಹೋದವು. ಅದು ನಿದ್ದೆ ಮಾಡುತ್ತಿದೆ ಎಂದುಕೊಂಡೆವು. ಚಿಟಿಕೆ ಆಹಾರ ಹಾಕಿದರೆ ಅದು ನೀರಿನ ಮೇಲೆಯೇ ತೇಲುತ್ತಿತ್ತು. ಮರಿ ಬಾಯಿ ತೆರೆಯುತ್ತಿರಲಿಲ್ಲ. ಕಾಣದುದನ್ನು ಆಮೆ ತಿನ್ನುವುದಿಲ್ಲ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ಒಂದು ದಿನ ನನ್ನ ಮೊಮ್ಮಗಳು ಅದನ್ನು ಅಂಗೈಯಲ್ಲಿ ಎತ್ತಿಕೊಂಡು, “ತಾತ, ಇದರ ಚಿಪ್ಪು ಮೆತ್ತಗಿದೆ” ಎಂದಳು. ಮುಟ್ಟಿ ನೋಡಿದೆ. ನೆನೆಹಾಕಿದ ಹುಣಸೆ ಬೀಜದ ಸಿಪ್ಪೆಯಂತೆ ಬೆರಳಿನ ಕೆಳಗೆ ಬಾಗಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಪಶುವೈದ್ಯರಾಗಿದ್ದಾರೆ. ಅಂದು ಸಂಜೆಯೇ ಬಂದರು. ಎರಡು ಮರಿಗಳನ್ನೂ ತಿರುಗಿಸಿ ನೋಡಿದರು. ಚಿಪ್ಪಿನ ಅಂಚನ್ನು ಮೆಲ್ಲಗೆ ಒತ್ತಿದರು. ಆಹಾರದ ಡಬ್ಬಿಯನ್ನು ತೆಗೆದು ಮೂಸಿದರು. ಆಮೇಲೆ ಕೇಳಿದರು:

“ಮೇಷ್ಟ್ರೇ, ಇವಕ್ಕೆ ಬಿಸಿಲು ಎಲ್ಲಿಂದ?”

“ಏನಪ್ಪಾ ಹೀಗೆ ಕೇಳುತ್ತೀಯೆ? ಪೂರ್ವದ ಕಿಟಕಿ ಕಾಣುವುದಿಲ್ಲವೆ? ಬೆಳಗ್ಗೆ ಎರಡು ಗಂಟೆಯ ಕಾಲ ತೊಟ್ಟಿಯ ಮೇಲೆಯೇ ಬೀಳುತ್ತದೆ.”

ಅವರು ಎದ್ದುಹೋಗಿ ಕಿಟಕಿಯ ಗಾಜನ್ನು ಬೆರಳ ಗೆಣ್ಣಿನಿಂದ ಎರಡು ಬಾರಿ ತಟ್ಟಿದರು. “ಇದರ ಮೂಲಕ ಬರುವುದು ಬೆಳಕು, ಮೇಷ್ಟ್ರೇ. ಬಿಸಿಲಲ್ಲ” ಎಂದರು.

ನಾಲ್ಕನೆಯ ದಿನ ಸಣ್ಣ ಮರಿ ಸತ್ತಿತು. ಹಿತ್ತಲಿನ ದಾಸವಾಳದ ಬುಡದಲ್ಲಿ ಅದನ್ನು ಹೂಳುವಾಗ ನನ್ನ ಮೊಮ್ಮಗಳು ಅಳಲಿಲ್ಲ. “ತಾತ, ಕಿಟಕಿಯ ಹತ್ತಿರ ಇಡು ಎಂದವರು ನೀವೇ ಅಲ್ಲವೆ?” ಎಂದು ಮಾತ್ರ ಕೇಳಿದಳು. ಹೌದು ಎನ್ನುವುದರ ಹೊರತು ನನ್ನ ಬಳಿ ಬೇರೆ ಉತ್ತರವಿರಲಿಲ್ಲ. ಉಳಿದ ಒಂದನ್ನು ಉಳಿಸಿಕೊಳ್ಳಬೇಕೆಂದು ಅಂದಿನಿಂದ ನಾವಿಬ್ಬರೂ ಓದಲು ಕುಳಿತೆವು.

ವೈದ್ಯರು ಹೇಳಿದ ಆ ಒಂದು ವಾಕ್ಯವನ್ನು ಬಿಡಿಸಿ ನೋಡೋಣ. ಸೂರ್ಯನಿಂದ ಬರುವ ಕಿರಣಗಳಲ್ಲಿ ನಮ್ಮ ಕಣ್ಣಿಗೆ ಕಾಣುವವು ಕೆಲವು ಮಾತ್ರ. ಕಾಮನಬಿಲ್ಲಿನ ಕೊನೆಯ ಬಣ್ಣವಾದ ನೇರಳೆಯ ಆಚೆಗೆ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ವಿಜ್ಞಾನಿಗಳು ಇವುಗಳನ್ನು ಎ, ಬಿ, ಸಿ ಎಂದು ಮೂರು ಪಾಲು ಮಾಡಿದ್ದಾರೆ. ಸಿ ಕಿರಣಗಳನ್ನು ಗಾಳಿಯ ಮೇಲ್ಪದರಗಳು ಹೀರಿಬಿಡುವುದರಿಂದ ಅವು ನೆಲಕ್ಕೆ ಬರುವುದಿಲ್ಲ. ಎ ಕಿರಣಗಳು ಬಹುಮಟ್ಟಿಗೆ ಕಿಟಕಿಯ ಗಾಜನ್ನೂ ದಾಟಿ ಬರುತ್ತವೆ. ನಡುವಣ ಬಿ ಕಿರಣಗಳ ಕಥೆ ಬೇರೆ. ೨೮೦ರಿಂದ ೩೧೫ ನ್ಯಾನೋಮೀಟರ್ ಅಲೆಯುದ್ದದ ಈ ಕಿರಣಗಳು ನೆಲಕ್ಕೆ ಬರುವುದೇ ಸ್ವಲ್ಪ. ಅಷ್ಟನ್ನೂ ಸಾಮಾನ್ಯ ಗಾಜು ಬಹುಪಾಲು ತಡೆದುಬಿಡುತ್ತದೆ. ಗಾಜಿನ ಒಳಗೆ ನಿಂತವನಿಗೆ ಬೆಳಕು ಕಾಣುತ್ತದೆ, ಮೈಗೆ ಬಿಸಿ ತಟ್ಟುತ್ತದೆ. ಏನೋ ತಪ್ಪಿತೆಂದು ಅವನಿಗೆ ಅನ್ನಿಸುವುದೇ ಇಲ್ಲ. ನಾನು ಮೋಸಹೋದದ್ದು ಇಲ್ಲಿಯೇ.

ಈ ಬಿ ಕಿರಣಗಳ ಕೆಲಸವೇನು? ನಮ್ಮ ಚರ್ಮದಲ್ಲಿಯೂ ಆಮೆಯ ಚರ್ಮದಲ್ಲಿಯೂ ಕೊಬ್ಬಿನ ಜಾತಿಗೆ ಸೇರಿದ ಒಂದು ವಸ್ತುವಿದೆ. ಬಿ ಕಿರಣ ತಾಗಿದಾಗ ಅದು ರೂಪಾಂತರ ಹೊಂದಿ, ಮೈಯ ಬಿಸಿಯ ಸಹಾಯದಿಂದ ಡಿ ಜೀವಸತ್ವವಾಗುತ್ತದೆ. ಕಿರಣವೂ ಬೇಕು, ಬಿಸಿಯೂ ಬೇಕು. ತಿಂದ ಆಹಾರದಲ್ಲಿರುವ ಸುಣ್ಣದ ಅಂಶವನ್ನು, ಎಂದರೆ ಕ್ಯಾಲ್ಸಿಯಮ್ಮನ್ನು, ಕರುಳು ಚೆನ್ನಾಗಿ ಹೀರಿಕೊಳ್ಳಬೇಕಾದರೆ ಈ ಜೀವಸತ್ವ ಇರಲೇಬೇಕು. ಇಲ್ಲವಾದರೆ ಹೊಟ್ಟೆಗೆ ಹಾಕಿದ ಸುಣ್ಣದ ಬಹುಪಾಲು ಬಂದ ಹಾಗೆಯೇ ಹೊರಗೆ ಹೋಗುತ್ತದೆ. ಆದರೆ ಹೃದಯ ಬಡಿಯುವುದಕ್ಕೆ, ಸ್ನಾಯು ಕುಗ್ಗುವುದಕ್ಕೆ ರಕ್ತದಲ್ಲಿ ಸುಣ್ಣ ಇದ್ದೇ ಇರಬೇಕು. ಆಗ ದೇಹವು ಮೂಳೆಯಿಂದ ಅದನ್ನು ಕಿತ್ತುಕೊಳ್ಳುತ್ತದೆ. ಮನೆಯಲ್ಲಿ ಸೌದೆ ತೀರಿತೆಂದು ಸೂರಿನ ತೊಲೆಗಳನ್ನೇ ಮುರಿದು ಒಲೆಗೆ ಹಾಕಿದಂತೆ.

ಆಮೆಗೆ ಮೂಳೆಯೆಂದರೆ ಕೈಕಾಲಿನ ಮೂಳೆಯಷ್ಟೇ ಅಲ್ಲ. ಚಿಪ್ಪೂ ಮೂಳೆಯೇ. ಅದು ಬಸವನಹುಳುವಿನ ಚಿಪ್ಪಿನಂತೆ ಮೈಗೆ ಹೊರಗಿನ ಹೊದಿಕೆಯಲ್ಲ. ಆಮೆಯ ಬೆನ್ನೆಲುಬೂ ಪಕ್ಕೆಲುಬುಗಳೂ ಅಗಲಗೊಂಡು ಒಂದಕ್ಕೊಂದು ಬೆಸೆದು ಆದದ್ದು. ಅದರ ಮೇಲೆ ನಮ್ಮ ಉಗುರಿನಂಥ ವಸ್ತುವಿನ ತೆಳುವಾದ ಫಲಕಗಳ ಹೊದಿಕೆಯಿದೆ. ಆದುದರಿಂದ ಆಮೆಯು ಚಿಪ್ಪಿನಿಂದ ಹೊರಬಂದು ಮತ್ತೆ ಒಳಸೇರುತ್ತದೆಂಬ ಕಥೆ ನಿಜವಲ್ಲ. ವಾರವಾರವೂ ಬೆಳೆಯುವ ಮರಿಗೆ ಚಿಪ್ಪು ಕಟ್ಟಲು ಎಷ್ಟು ಸುಣ್ಣ ಬೇಕಾದೀತು ಎಂಬುದನ್ನು ನೀವೇ ಊಹಿಸಿಕೊಳ್ಳಿರಿ.

ಇದು ಆಮೆಗೆ ಮಾತ್ರ ಬಂದ ಕಷ್ಟವಲ್ಲ. ಕಾರ್ಖಾನೆಗಳ ಹೊಗೆ ಮುಸುಕಿದ ಯೂರೋಪಿನ ನಗರಗಳಲ್ಲಿ ಬಡವರ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದವು. ರಿಕೆಟ್ಸ್ ಎಂಬ ಆ ರೋಗಕ್ಕೆ ಕಾರಣ ತಿಳಿಯದೆ ವೈದ್ಯರು ಬಹುಕಾಲ ತಡಕಾಡಿದರು. ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ಮಕ್ಕಳ ವೈದ್ಯರು ಅಂಥ ಮಕ್ಕಳನ್ನು ನೇರಳಾತೀತ ಕಿರಣಗಳ ದೀಪದ ಮುಂದೆ ಕೂರಿಸಿ, ಅವರ ಮೂಳೆಗಳು ಮತ್ತೆ ಗಟ್ಟಿಯಾಗುವುದನ್ನು ೧೯೧೯ರಲ್ಲಿ ತೋರಿಸಿಕೊಟ್ಟರು. ಇಂದು ಆಮೆಯ ತೊಟ್ಟಿಯ ಮೇಲೆ ತೂಗುಹಾಕುವ ದೀಪವು ಆ ದೀಪದ ವಂಶದ್ದೇ.

ಕಿಟಕಿಯ ಗಾಜು ನನ್ನ ತಪ್ಪುಗಳಲ್ಲಿ ಒಂದು ಮಾತ್ರ. ಹೊತ್ತೂ ತಪ್ಪಾಗಿತ್ತು. ಎಣ್ಣೆ ಹಚ್ಚಿದ ಕೂಸನ್ನು ಎಳೆಬಿಸಿಲಿನಲ್ಲಿ ಮಲಗಿಸುವುದನ್ನು ನಾವೆಲ್ಲ ಕಂಡವರು. ಎಳೆಬಿಸಿಲು ಹಿತವಾದುದು, ನಿಜ. ಆದರೆ ಸೂರ್ಯನು ದಿಗಂತದ ಸಮೀಪದಲ್ಲಿದ್ದಾಗ ಅವನ ಕಿರಣಗಳು ಗಾಳಿಯ ಪದರದಲ್ಲಿ ಓರೆಯಾಗಿ ಬಹುದೂರ ಸಾಗಿಬರಬೇಕು. ಬಿ ಕಿರಣಗಳು ದಾರಿಯಲ್ಲಿಯೇ ಸೋಸಿಹೋಗುತ್ತವೆ. ಅವು ತಕ್ಕಷ್ಟು ಬರುತ್ತಿವೆಯೇ ಎಂದು ತಿಳಿಯಲು ಯಂತ್ರ ಬೇಕಾಗಿಲ್ಲ. ಬಯಲಿನಲ್ಲಿ ನಿಂತು ನಿಮ್ಮ ನೆರಳನ್ನು ನೋಡಿಕೊಳ್ಳಿರಿ. ನೆರಳು ನಿಮಗಿಂತ ಉದ್ದವಾಗಿದ್ದರೆ ಬಿ ಕಿರಣಗಳು ಸಾಲವು. ನಿಮಗಿಂತ ಗಿಡ್ಡವಾಗಿದ್ದರೆ ಬರುತ್ತಿವೆ ಎಂದು ತಿಳಿಯಬಹುದು. ನಮ್ಮ ನಾಡಿನಲ್ಲಿ ಡಿಸೆಂಬರಿನ ನಡುಹಗಲಿನಲ್ಲಿಯೂ ನೆರಳು ಆಳಿಗಿಂತ ಗಿಡ್ಡವೇ. ಬರ್ಲಿನ್ನಿನಲ್ಲಿ ಆ ತಿಂಗಳು ನೆತ್ತಿಯ ಹೊತ್ತಿನಲ್ಲಿಯೂ ನೆರಳು ಆಳಿನ ಮೂರು ಪಟ್ಟಿಗೂ ಮಿಕ್ಕಿ ಚಾಚಿರುತ್ತದೆ. ಅಲ್ಲಿಯವರಿಗೆ ದೀಪ ಏಕೆ ಬೇಕಾಯಿತು ಎಂಬುದಕ್ಕೆ ಈ ನೆರಳೇ ಉತ್ತರ.

ಹಾಗೆಂದು ಗಾಜಿನ ತೊಟ್ಟಿಯನ್ನೇ ಹೊತ್ತು ತಾರಸಿಯ ಬಿಸಿಲಿನಲ್ಲಿ ಇಟ್ಟುಬಿಟ್ಟೀರಿ! ಬಾಗಿಲು ಮುಚ್ಚಿದ ಕಾರಿನಂತೆ ಅದು ಕೆಲವೇ ನಿಮಿಷಗಳಲ್ಲಿ ಕಾದು, ಮರಿ ಬೆಂದುಹೋಗುತ್ತದೆ. ಆಮೆಗೆ ನಮ್ಮಂತೆ ಬೆವರುವ ಶಕ್ತಿಯಿಲ್ಲ. ಮೈಯ ಬಿಸಿಯನ್ನು ಒಳಗೇ ಹುಟ್ಟಿಸಿ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುವ ಶಕ್ತಿಯೂ ಇಲ್ಲ. ಚಳಿಯಾದರೆ ಬಿಸಿಲಿಗೆ ಬರುತ್ತದೆ, ಸೆಕೆಯಾದರೆ ನೀರಿಗೆ ಇಳಿಯುತ್ತದೆ. ಈ ಬರುವ ಹೋಗುವ ಸ್ವಾತಂತ್ರ್ಯವೇ ಅದರ ಆರೋಗ್ಯ. ನಾವು ಕೊನೆಗೆ ಮಾಡಿದ ಏರ್ಪಾಡು ಹೀಗೆ: ಅಗಲವಾದ, ತೆರೆದ ಬಾಯಿಯ ಒಂದು ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಮರಿ ಮುಳುಗುವಷ್ಟು ನೀರು, ಒಂದು ಕಡೆ, ನೀರಿನಿಂದ ಮೇಲೆದ್ದು ಪೂರ್ಣ ಒಣಗಿರುವಂತೆ ಓರೆಯಾಗಿ ಇಟ್ಟ ಇಟ್ಟಿಗೆ, ಇನ್ನೊಂದು ಕಡೆ ಅರ್ಧ ಟಬ್ಬಿಗೆ ಗೋಣಿತಾಟಿನ ನೆರಳು, ಮೇಲೆ, ಕಾಗೆ ಹದ್ದುಗಳ ಭಯಕ್ಕೆ, ತಂತಿಯ ಬಲೆ. ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ, ಯಾರಾದರೂ ಪಕ್ಕದಲ್ಲಿ ಕುಳಿತಿದ್ದಾಗ ಮಾತ್ರ.

ಮಳೆಗಾಲಕ್ಕೂ, ತಾರಸಿಯಿಲ್ಲದ ಮನೆಗಳಿಗೂ ದೀಪವೇ ಗತಿ. ಇಲ್ಲಿ ಎರಡು ಕೆಲಸಗಳನ್ನು ಗೊಂದಲ ಮಾಡಿಕೊಳ್ಳಬಾರದು. ಇಟ್ಟಿಗೆಯನ್ನು ಬಿಸಿಮಾಡಲು ತಂತಿಸುರುಳಿಯ ಹಳೆಯ ಬಗೆಯ ಬಲ್ಬು ಸಾಕು. ಮರಿ ಕೂರುವ ಸ್ಥಳದಲ್ಲಿ ೩೦ರಿಂದ ೩೫ ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು. ಆ ಬಲ್ಬು ಬಿ ಕಿರಣಗಳನ್ನು ಕೊಡುವುದಿಲ್ಲ. ಮನೆಯಲ್ಲಿ ಉರಿಯುವ ಎಲ್‌ಇಡಿ ದೀಪವಂತೂ ಕಿರಣವನ್ನೂ ಕೊಡದು, ಬೇಕಾದಷ್ಟು ಬಿಸಿಯನ್ನೂ ಕೊಡದು. ಸರೀಸೃಪಗಳಿಗೆಂದೇ ತಯಾರಿಸಿದ ನೇರಳಾತೀತ ಕೊಳವೆದೀಪ ಬೇರೆ ಇದೆ. ಅದನ್ನು ಇಟ್ಟಿಗೆಯಿಂದ ಸುಮಾರು ಒಂದು ಅಡಿ ಎತ್ತರದಲ್ಲಿ, ನಡುವೆ ಗಾಜಾಗಲಿ ಪ್ಲಾಸ್ಟಿಕ್ಕಾಗಲಿ ಅಡ್ಡ ಬಾರದಂತೆ ಕಟ್ಟಬೇಕು. ಹಗಲು ಹತ್ತು ಹನ್ನೆರಡು ಗಂಟೆ ಉರಿಸಿ, ರಾತ್ರಿ ಆರಿಸಬೇಕು. ಕತ್ತಲೆಯೂ ಮರಿಯ ಹಕ್ಕು. ಈ ದೀಪದಲ್ಲಿ ಒಂದು ಕಳ್ಳತನವಿದೆ. ಆರೇಳು ತಿಂಗಳಿಂದ ಒಂದು ವರ್ಷದೊಳಗೆ ಅದರ ಬಿ ಕಿರಣಗಳು ತೀರಾ ಕ್ಷೀಣಿಸುತ್ತವೆ. ಬೆಳಕು ಮಾತ್ರ ಮೊದಲಿನಂತೆಯೇ ಇರುತ್ತದೆ. ಉರಿಯುತ್ತಿದೆಯಲ್ಲ ಎಂದು ನಂಬಿದವನು ಕಿಟಕಿಯನ್ನು ನಂಬಿದ ನನ್ನಂತೆಯೇ ಆಗುತ್ತಾನೆ. ಕೊಂಡ ತಾರೀಖನ್ನು ದೀಪದ ಮೇಲೆಯೇ ಬರೆದಿಡುವುದು ಒಳ್ಳೆಯದು.

ಇನ್ನು ಆಹಾರ. ಬಿಸಿಲು ಎಷ್ಟಿದ್ದರೂ, ಹೀರಿಕೊಳ್ಳಲು ಸುಣ್ಣವೇ ಇಲ್ಲದಿದ್ದರೆ ಕರುಳು ಏನನ್ನು ಹೀರೀತು? ಅಂಗಡಿಯ ಒಣಹುಳುಗಳಲ್ಲಿ ಪೋಷಕಾಂಶಗಳು ಕಡಿಮೆ. ಅವು ಊಟವಲ್ಲ, ಕುರುಕುತಿಂಡಿ. ಮುಖ್ಯವಾಗಿ ಎ ಜೀವಸತ್ವ ಅವುಗಳಲ್ಲಿ ಸಾಲದು. ಮರಿಯ ಕಣ್ಣು ಊದಿದ್ದಕ್ಕೆ ಅದೇ ಕಾರಣವೆಂದು ವೈದ್ಯರು ಹೇಳಿದರು. ಮಕ್ಕಳಿಗೆ ಇರುಳುಗಣ್ಣು ಬರುವುದೂ ಆ ಜೀವಸತ್ವದ ಕೊರತೆಯಿಂದಲೇ ಎಂಬುದನ್ನು ನೀವು ಬಲ್ಲಿರಿ. ಅನ್ನದ ಅಗುಳಿನಲ್ಲಂತೂ ಸುಣ್ಣವೂ ಇಲ್ಲ, ಆ ಜೀವಸತ್ವವೂ ಇಲ್ಲ.

ಕೆಂಪುಕಿವಿಯ ಆಮೆ ಮರಿಯಾಗಿದ್ದಾಗ ಹೆಚ್ಚಾಗಿ ಮಾಂಸಾಹಾರಿ. ಹೊಳೆಯಲ್ಲಿ ಅದು ಹುಳು, ಗೊದಮೊಟ್ಟೆ, ಸಣ್ಣ ಮೀನು, ಬಸವನಹುಳುಗಳನ್ನು ತಿನ್ನುತ್ತದೆ. ಬೆಳೆಯುತ್ತ ಬೆಳೆಯುತ್ತ ನೀರಿನ ಸಸ್ಯಗಳ ಕಡೆಗೆ ತಿರುಗುತ್ತದೆ. ನಮ್ಮ ವ್ರತನಿಯಮಗಳು ಅದಕ್ಕೆ ತಿಳಿಯವು. ಮೊಮ್ಮಗಳು ಗೊಬ್ಬರದ ಗುಂಡಿಯಿಂದ ಎರೆಹುಳು ಹೆಕ್ಕಿ, ತೊಳೆದು, ತುಂಡರಿಸಿ ಕೊಡುವುದನ್ನು ಮನೆಯವರೆಲ್ಲ ಬೇರೆ ಕಡೆ ಮುಖ ತಿರುಗಿಸಿಕೊಂಡು ಸಹಿಸಿದೆವು. ಆಮೆಗಳಿಗೆಂದು ತಯಾರಿಸಿದ ಉತ್ತಮವಾದ ಗುಳಿಗೆಯಾಹಾರ ಈಗ ದೊರೆಯುತ್ತದೆ. ದಿನದ ಊಟಕ್ಕೆ ಅದೇ ಆಧಾರ. ಬರಿಯ ಮಾಂಸದ ತುಂಡು ಒಳ್ಳೆಯದಲ್ಲ. ಅದರಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ. ಮರಿಗೆ ಬೇಕಾದುದು ಇದರ ತಿರುಗುಮುರುಗು, ರಂಜಕದ ಸುಮಾರು ಎರಡರಷ್ಟು ಸುಣ್ಣ. ಮೀನು ಕೊಡುವುದಾದರೆ ಮುಳ್ಳು ಸಹಿತವಾಗಿ ಇಡೀ ಸಣ್ಣ ಮೀನನ್ನೇ ಕೊಡಬೇಕೆನ್ನುವುದು ಆದಕಾರಣ. ಇವುಗಳ ಜೊತೆಗೆ ಗಜ್ಜರಿಯ ತುರಿ, ಸಿಹಿಗುಂಬಳದ ತುರಿ, ದನಗಳಿಗೆಂದು ರೈತರು ಬೆಳೆಸುವ ಅಜೋಲ. ಪಾಲಕ್ ಸೊಪ್ಪು ಬೇಡ. ಅದರಲ್ಲಿರುವ ಆಕ್ಸಲೇಟ್ ಎಂಬ ವಸ್ತುವು ಸುಣ್ಣವನ್ನು ಬಿಗಿಯಾಗಿ ಹಿಡಿದು ಕರುಳಿಗೆ ಸಿಕ್ಕದಂತೆ ಮಾಡುತ್ತದೆ.

ಸುಣ್ಣಕ್ಕೆ ವೈದ್ಯರು ಹೇಳಿದ ಉಪಾಯ ನನಗೆ ಬಹಳ ಮೆಚ್ಚಿಕೆಯಾಯಿತು. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರಫೇನ ಎಂಬ ಬಿಳಿಯ, ಹಗುರವಾದ ಬಿಲ್ಲೆ ಮಾರುತ್ತಾರೆ. ಹೆಸರಿಗೆ ಕಡಲಿನ ನೊರೆ. ನಿಜವಾಗಿ ಅದು ಕಪ್ಪೆಬೊಂಡಾಸ್ ಎನ್ನುವ ಸಮುದ್ರಜೀವಿಯ ಮೈಯೊಳಗಿನ ಚಿಪ್ಪು. ಬಹುಪಾಲು ಸುಣ್ಣವೇ. ಅದರ ಗಟ್ಟಿಯಾದ ಬೆನ್ನನ್ನು ಕೆರೆದು ತೆಗೆದು, ಒಂದು ತುಂಡನ್ನು ನೀರಿನಲ್ಲಿ ತೇಲಿಬಿಟ್ಟರೆ, ಮರಿ ಬೇಕೆನಿಸಿದಾಗ ಬಂದು ಕಚ್ಚಿಕೊಂಡು ಹೋಗುತ್ತದೆ. ಎಷ್ಟು ಬೇಕೆಂಬುದನ್ನು ನಾವು ಲೆಕ್ಕ ಹಾಕುತ್ತ ಕೂರಬೇಕಾಗಿಲ್ಲ.

ಎಷ್ಟು ಕೊಡಬೇಕು ಎಂಬುದಕ್ಕೆ ಒಂದು ಸುಲಭದ ಅಳತೆಯಿದೆ. ಮರಿಯ ತಲೆ ಎಷ್ಟು ದಪ್ಪವೋ ಒಂದು ಹೊತ್ತಿನ ಆಹಾರ ಅಷ್ಟೇ. ಮರಿಗೆ ದಿನವೂ, ಬೆಳೆದ ಆಮೆಗೆ ಎರಡು ಮೂರು ದಿನಕ್ಕೊಮ್ಮೆ. ಕೈ ಕಂಡೊಡನೆ ಬಾಯಿ ತೆರೆದು ಈಜಿ ಬರುವುದನ್ನು ಹಸಿವೆಂದು ತಿಳಿಯಬಾರದು. ಅದು ಸದಾ ಹಾಗೆಯೇ ಬರುತ್ತದೆ. ಆಹಾರವನ್ನು ನೀರಿನಲ್ಲಿಯೇ ಹಾಕಬೇಕು, ಏಕೆಂದರೆ ಈ ಜಾತಿಯ ಆಮೆ ನೀರಿಲ್ಲದೆ ನುಂಗಲಾರದು. ಉಳಿದ ತುಣುಕುಗಳು ಕೊಳೆತು ನೀರು ಕೆಡುವುದರಿಂದ, ಬೇರೊಂದು ಬೋಗುಣಿಯಲ್ಲಿ ಹತ್ತು ಹದಿನೈದು ನಿಮಿಷ ಬಿಟ್ಟು ತಿನ್ನಿಸುವುದು ಮೇಲು. ಆ ಬೋಗುಣಿಯನ್ನು ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಕೂಡದು. ಮರಿಯನ್ನು ಮುಟ್ಟಿದ ಕೈಗೆ ಸಾಬೂನು ಬೀಳಲೇಬೇಕು. ೧೯೭೫ರ ನಿಷೇಧದ ಕಾರಣ ನಿಮಗೆ ನೆನಪಿರಬಹುದು.

ಉಳಿದ ಮರಿಗೆ ಇದಿಷ್ಟೂ ದೊರೆಯತೊಡಗಿದಾಗ ಅದರ ಮೈ ಹನ್ನೆರಡು ಗ್ರಾಂ ಇತ್ತು. ಔಷಧಿಯ ಅಳತೆಯನ್ನು ವೈದ್ಯರು ನೋಡಿಕೊಂಡರು. ಬಿಸಿಲು ಮತ್ತು ಊಟ ನಮ್ಮ ಪಾಲಿಗೆ ಬಂದವು. ಹತ್ತು ದಿನ ಅದು ಏನನ್ನೂ ಮುಟ್ಟಲಿಲ್ಲ. ಹನ್ನೊಂದನೆಯ ದಿನ ಎರೆಹುಳುವಿನ ತುಂಡೊಂದು ನೀರಿನಲ್ಲಿ ಮಿಸುಕಿದುದನ್ನು ಕಂಡು ಕತ್ತು ಚಾಚಿ ಹಿಡಿಯಿತು. ನನ್ನ ಪತ್ನಿ, ಎರೆಹುಳುವಿನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದವರು, ಅಂದು ಬಗ್ಗಿ ನಿಂತು ಕೊನೆಯವರೆಗೂ ನೋಡಿದರು. ಚಿಪ್ಪು ಗಟ್ಟಿಯಾಗಲು ಮೂರು ತಿಂಗಳು ಹಿಡಿಯಿತು. ಅಂಚು ಒಂದು ಕಡೆ ಸ್ವಲ್ಪ ಮೇಲಕ್ಕೆ ಸುರುಳಿಕೊಂಡದ್ದು ಹಾಗೆಯೇ ಉಳಿದಿದೆ. ಇನ್ನು ಅದು ಸರಿಹೋಗುವುದಿಲ್ಲವಂತೆ.

ಈಗ ಮರಿಯ ಚಿಪ್ಪು ನನ್ನ ಅಂಗೈಯಷ್ಟಾಗಿದೆ. ಇನ್ನೂ ಒಂದು ಗೇಣಿನವರೆಗೆ ಬೆಳೆಯಬಹುದು; ಇಪ್ಪತ್ತು ಮೂವತ್ತು ವರ್ಷ ಬದುಕಬಹುದು. ಎಂದರೆ ನನ್ನನ್ನು ಮೀರಿ ಬದುಕುವ ಪ್ರಾಣಿಯೊಂದನ್ನು ಪಟಾಕಿಯ ಹಣದಲ್ಲಿ ಮನೆಗೆ ತಂದೆವು ಎಂದಾಯಿತು. ದೊಡ್ಡದಾಯಿತೆಂದು ಬೇಸತ್ತು ಇದನ್ನು ಊರ ಕೆರೆಗೆ ಬಿಟ್ಟವರು ಅನೇಕರಿದ್ದಾರೆ. ಕೆರೆಗೆ ಬಿದ್ದ ಈ ಪರದೇಶಿ, ನಮ್ಮ ಆಮೆಗಳು ಕೂರುವ ಕಲ್ಲನ್ನೂ ಅವುಗಳ ಆಹಾರವನ್ನೂ ಕಸಿದುಕೊಳ್ಳುತ್ತದೆ. ಜಗತ್ತಿನ ಅತಿ ಹಾನಿಕರವಾದ ನೂರು ಅತಿಕ್ರಮಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಯೂರೋಪಿನ ಒಕ್ಕೂಟವು ೧೯೯೭ರಲ್ಲಿಯೇ ಇದರ ಆಮದನ್ನು ನಿಲ್ಲಿಸಿತು. ಆದುದರಿಂದ ಕೆರೆಯ ಮಾತು ನಮ್ಮ ಮನೆಯಲ್ಲಿ ಎತ್ತುವಂತಿಲ್ಲ. ನನ್ನ ನಂತರ ಯಾರು ನೋಡಿಕೊಳ್ಳಬೇಕೆಂಬುದನ್ನು ಮೊಮ್ಮಗಳೇ ತೀರ್ಮಾನಿಸಿದ್ದಾಳೆ.

ರಜೆಯ ದಿನಗಳಲ್ಲಿ ಬೆಳಗಿನ ತಿಂಡಿಯಾದ ಮೇಲೆ ಅವಳು ತಾರಸಿಯನ್ನು ಹತ್ತಿ, ಸೀಮೆಸುಣ್ಣದಿಂದ ತನ್ನ ಎತ್ತರಕ್ಕೆ ಎಳೆದಿಟ್ಟುಕೊಂಡ ಗೆರೆಯ ಪಕ್ಕದಲ್ಲಿ ನಿಂತು ನೆರಳನ್ನು ಅಳೆಯುತ್ತಾಳೆ. ಎತ್ತರ ವರ್ಷಕ್ಕೊಮ್ಮೆ ಬದಲಾಗುವುದರಿಂದ ಗೆರೆಯನ್ನೂ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ. ನಾನು ಕೆಳಗೆ ಟಬ್ಬಿಗೆ ನೀರು ತುಂಬಿ, ಇಟ್ಟಿಗೆಯನ್ನು ಸಿದ್ಧಮಾಡಿಕೊಂಡು ಕಾಯುತ್ತಿರುತ್ತೇನೆ. ಹತ್ತು ಗಂಟೆಯ ಸುಮಾರಿಗೆ ಮೇಲಿನಿಂದ ಕೂಗು ಕೇಳುತ್ತದೆ: “ತಾತ, ನೆರಳು ನನಗಿಂತ ಗಿಡ್ಡವಾಯಿತು!”